ಆನ್ ಕವಾರಾ: ಫೋಟೋ ಇಲ್ಲ, ಸಂದರ್ಶನ ಇಲ್ಲ, ಗೋಡೆ ತುಂಬಾ ಬರೀ ತಾರೀಖು. ಇದನ್ನು ಹೇಗೆ ನೋಡಬೇಕು?

ಬಿಳಿಗೋಡೆ (ಪ್ರಶ್ನೆ)

ಒಂದು ವಿಷಯ ತುಂಬಾ ದಿನದಿಂದ ತಲೆ ಕೊರೆಯುತ್ತಿದೆ. ಇಲ್ಲಿ ಚಿತ್ರಕಲೆ ಗೊತ್ತಿರುವವರು ಇದ್ದೀರಿ ಅಂತ ಕೇಳುತ್ತಿದ್ದೇನೆ, ಬೈಬೇಡಿ.

ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್‌ನಲ್ಲಿ ರೈಲು ಹತ್ತಿ ಹಡ್ಸನ್ ನದಿಯ ಪಕ್ಕದಲ್ಲೇ ಸುಮಾರು ಒಂದೂವರೆ ಗಂಟೆ ಹೋದರೆ ಬೀಕನ್ ಸಿಗುತ್ತದೆ. ಅಲ್ಲಿ ಡಿಯಾ ಬೀಕನ್ ಅಂತ ದೊಡ್ಡ ಮ್ಯೂಸಿಯಂ. ಹಿಂದೆ ಅದು ನಬಿಸ್ಕೋ ಬಿಸ್ಕತ್ ಕಂಪನಿಯ ಡಬ್ಬಗಳನ್ನು ಪ್ರಿಂಟ್ ಮಾಡುತ್ತಿದ್ದ ಕಾರ್ಖಾನೆ, 2003ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಕೆಲವು ವರ್ಷದ ಹಿಂದೆ ಹೋಗಿದ್ದೆ. ಒಂದು ಕಡೆ ಗೋಡೆ ಮೇಲೆ ಸಾಲಾಗಿ ತಾರೀಖುಗಳು. ಒಂದೇ ಬಣ್ಣದ ಹಿನ್ನೆಲೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ತಿಂಗಳು, ದಿನ, ವರ್ಷ. ಅಷ್ಟೇ. ಒಂದು ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ಬ್ಯಾಂಕಿನ ಗೋಡೆ ಕ್ಯಾಲೆಂಡರ್ ನೆನಪಾಯಿತು, ನಿಜ ಹೇಳುತ್ತೇನೆ.

ಕಲಾವಿದರ ಹೆಸರು ಆನ್ ಕವಾರಾ. ಜಪಾನಿನವರು, ನ್ಯೂಯಾರ್ಕಿನಲ್ಲಿ ಇದ್ದರು. ವಾಪಸ್ ಬರುವಾಗ ರೈಲಿನಲ್ಲಿ ಕೂತು ಹುಡುಕಿದರೆ ಒಂದು ಸರಿಯಾದ ಫೋಟೋ ಇಲ್ಲ. ಸಂದರ್ಶನ ಇಲ್ಲ. ತಮ್ಮ ಪ್ರದರ್ಶನದ ಉದ್ಘಾಟನೆಗೂ ಬರುತ್ತಿರಲಿಲ್ಲವಂತೆ. ಆದರೆ ಜಗತ್ತಿನ ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲಿ ಇವರ ಕೆಲಸ ಇದೆ.

ನನಗೆ ಅರ್ಥವಾಗದೇ ಇರುವುದು ಏನಪ್ಪಾ ಅಂದರೆ, ಒಂದು ತಾರೀಖು ಕೊಂಡರೆ ಸರಿ, ಅದೇ ತರಹದ್ದು ಇಪ್ಪತ್ತು ಮೂವತ್ತು ಯಾಕೆ ಬೇಕು? ಆಮೇಲೆ, ಮುಖ ತೋರಿಸದ ಮನುಷ್ಯನ ಚಿತ್ರ ಇದು ಅವರದ್ದೇ ಅಂತ ಗ್ಯಾಲರಿಯವರಿಗೆ ಹೇಗೆ ಗೊತ್ತಾಗುತ್ತದೆ, ಅಕ್ಷರ ಯಾರು ಬೇಕಾದರೂ ಬರೆಯಬಹುದಲ್ವಾ? ಇನ್ನೊಂದು ಅನುಮಾನ: ಈ ಅವಿತುಕೊಳ್ಳುವುದೇ ಒಂದು ವ್ಯಾಪಾರದ ಉಪಾಯ ಇರಬಹುದಾ? ಸಿಗದವರ ಬಗ್ಗೆ ಜನಕ್ಕೆ ಕುತೂಹಲ ಜಾಸ್ತಿ ತಾನೆ.

---

ಹಳೇಪೋಸ್ಟ್‌ಕಾರ್ಡ್

ಬೈಯುವುದು ಯಾಕೆ, ಕ್ಯಾಲೆಂಡರ್ ಅಂದಿದ್ದು ಅಷ್ಟೇನೂ ತಪ್ಪಲ್ಲ. ಆದರೆ ಕ್ಯಾಲೆಂಡರನ್ನು ಮೊದಲೇ ಪ್ರಿಂಟ್ ಮಾಡಿಟ್ಟಿರುತ್ತಾರೆ. ಇವರದ್ದು ಆ ದಿನವೇ ಆಗಬೇಕು.

ಈ ಸರಣಿಯ ಹೆಸರು ಟುಡೇ. ಶುರುವಾಗಿದ್ದು 1966ರ ಜನವರಿ 4ರಂದು, ನ್ಯೂಯಾರ್ಕಿನಲ್ಲಿ. ನಿಯಮ ತುಂಬಾ ಸರಳ: ಚಿತ್ರದಲ್ಲಿ ಯಾವ ತಾರೀಖು ಇದೆಯೋ ಅದೇ ದಿನ ರಾತ್ರಿ ಹನ್ನೆರಡರ ಒಳಗೆ ಚಿತ್ರ ಮುಗಿಯಬೇಕು. ಮುಗಿಯದಿದ್ದರೆ ನಾಶ ಮಾಡುವುದು. ನಾಳೆ ಒಂಚೂರು ತಿದ್ದುತ್ತೇನೆ ಅನ್ನುವ ಮಾತೇ ಇಲ್ಲ. ಹೀಗೆ ಸುಮಾರು 48 ವರ್ಷ, ನೂರಕ್ಕೂ ಹೆಚ್ಚು ಊರುಗಳಲ್ಲಿ, ಹತ್ತಿರ ಹತ್ತಿರ 3,000 ಚಿತ್ರ. ಲೆಕ್ಕ ಹಾಕಿದರೆ ವಾರಕ್ಕೆ ಒಂದಕ್ಕಿಂತ ಸ್ವಲ್ಪ ಜಾಸ್ತಿ. ದಿನಾ ಮಾಡುತ್ತಿರಲಿಲ್ಲ, ಕೆಲವು ದಿನ ಎರಡು ಮೂರು ಕೂಡ ಮಾಡಿದ್ದಾರೆ. 1970ರ ಮೊದಲ ಮೂರು ತಿಂಗಳು ಮಾತ್ರ ಒಂದೂ ದಿನ ಬಿಡದೆ 97 ಚಿತ್ರ ಮಾಡಿದರು. ಯಾವ ದೇಶದಲ್ಲಿ ಇದ್ದರೋ ಆ ದೇಶದ ಭಾಷೆಯಲ್ಲಿ, ಆ ದೇಶದ ರೂಢಿಯಲ್ಲಿ ತಾರೀಖು. ರೋಮನ್ ಲಿಪಿ ಬಳಸದ ದೇಶವಾದರೆ ಎಸ್ಪೆರಾಂಟೊ, ಅಂದರೆ ಎಲ್ಲಾ ದೇಶದವರಿಗೂ ಅಂತ ಹೊಸದಾಗಿ ಕಟ್ಟಿದ ಭಾಷೆ. ಜಪಾನಿನಲ್ಲಿ ಇದ್ದಾಗಲೂ ಎಸ್ಪೆರಾಂಟೊನೇ! ಅಂದರೆ ಅಷ್ಟು ಸಾವಿರ ಚಿತ್ರದಲ್ಲಿ ತಾಯ್ನುಡಿಯ ಲಿಪಿ ಒಂದರಲ್ಲೂ ಇಲ್ಲ. ನನಗೆ ಇದು ಅವರ ಮೌನಕ್ಕಿಂತ ದೊಡ್ಡ ಮೌನ ಅನ್ನಿಸುತ್ತದೆ, ಇರಲಿ.

ಈಗ ನೀವು ನೋಡದೇ ಇದ್ದ ಭಾಗ. ಪ್ರತಿ ಚಿತ್ರಕ್ಕೂ ಒಂದು ರಟ್ಟಿನ ಡಬ್ಬ ಇರುತ್ತದೆ. ಅದನ್ನೂ ಅವರೇ ಕೈಯಾರೆ ಮಾಡುತ್ತಿದ್ದರು, ಅಳತೆಗೆ ಸರಿಯಾಗಿ. ಬಹಳಷ್ಟು ಡಬ್ಬಗಳ ಒಳಗೆ ಆ ದಿನದ, ಆ ಊರಿನ ಪೇಪರಿನ ಒಂದು ತುಂಡು ಅಂಟಿಸಿರುತ್ತದೆ. ಗೋಡೆ ಮೇಲೆ ಚಿತ್ರ ಹಾಕಿದಾಗ ಸಾಮಾನ್ಯವಾಗಿ ಡಬ್ಬ ತೋರಿಸುವುದಿಲ್ಲ, ಕೆಲವು ಪ್ರದರ್ಶನಗಳಲ್ಲಿ ಮಾತ್ರ ಪಕ್ಕದಲ್ಲಿ ಇಡುತ್ತಾರೆ. (ಡಬ್ಬ ಪ್ರಿಂಟ್ ಮಾಡುತ್ತಿದ್ದ ಕಾರ್ಖಾನೆಯಲ್ಲೇ ನಿಮಗೆ ಡಬ್ಬ ಕಾಣಲಿಲ್ಲ ಅನ್ನುವುದು ಒಳ್ಳೇ ತಮಾಷೆ.) ಮೊದಲ ಚಿತ್ರದ ಉಪಶೀರ್ಷಿಕೆ ನ್ಯೂಯಾರ್ಕಿನ ಸಾರಿಗೆ ಮುಷ್ಕರದ ಬಗ್ಗೆ. ಅದೇ ವರ್ಷ ಮೇ 29ರ ಚಿತ್ರಕ್ಕೆ ಕೊಟ್ಟ ಉಪಶೀರ್ಷಿಕೆಯ ಅರ್ಥ, ನನ್ನ ಟುಡೇ ಚಿತ್ರಗಳನ್ನು ಕಂಡರೆ ನನಗೆ ಭಯ ಅಂತ. ಆಮೇಲಾಮೇಲೆ ಅದನ್ನೂ ಬಿಟ್ಟು ಬರೀ ವಾರದ ಹೆಸರು ಹಾಕತೊಡಗಿದರು.

ಅಸಲಿಯೋ ನಕಲಿಯೋ ಅಂತ ಕೇಳಿದಿರಿ. ಇಷ್ಟು ಲೆಕ್ಕ ಇಟ್ಟ ಕಲಾವಿದರು ಸಿಗುವುದು ಕಷ್ಟ. ಅವರದ್ದೊಂದು ನೂರು ವರ್ಷದ ಕ್ಯಾಲೆಂಡರ್ ಇತ್ತು. ಬದುಕಿದ ಪ್ರತಿ ದಿನಕ್ಕೂ ಹಳದಿ ಚುಕ್ಕೆ, ಚಿತ್ರ ಮಾಡಿದ ದಿನಕ್ಕೆ ಹಸಿರು, ಒಂದಕ್ಕಿಂತ ಜಾಸ್ತಿ ಮಾಡಿದ್ದರೆ ಕೆಂಪು. ಅದರ ಜೊತೆ ಯಾವ ಚಿತ್ರಕ್ಕೆ ಯಾವ ಬಣ್ಣ ಬಳಸಿದ್ದು ಅಂತ ಸ್ಯಾಂಪಲ್ ಅಂಟಿಸಿದ ದಾಖಲೆ. ಸುಮ್ನೆ ಒಂದು ತಾರೀಖು ಬರೆದು ಇದು ಕವಾರಾ ಚಿತ್ರ ಅಂತ ತಂದರೆ ಆ ದಿನ ಅವರು ಯಾವ ಊರಲ್ಲಿ ಇದ್ದರು, ಚಿತ್ರ ಮಾಡಿದ್ದರಾ ಇಲ್ಲವಾ, ಎಲ್ಲಾ ಸಿಕ್ಕಿಬೀಳುತ್ತದೆ.

ಇನ್ನು ಅವಿತುಕೊಂಡರು ಅನ್ನುವುದನ್ನು ನಾನು ಒಪ್ಪುವುದಿಲ್ಲ. 1968ರಿಂದ 1979ರವರೆಗೆ ದಿನಾ ಎರಡು ಪಿಕ್ಚರ್ ಪೋಸ್ಟ್‌ಕಾರ್ಡ್ ಪರಿಚಯದವರಿಗೆ ಕಳಿಸುತ್ತಿದ್ದರು. ಮುಂಭಾಗ ಪ್ರವಾಸಿಗಳು ಕೊಳ್ಳುವ ಮಾಮೂಲಿ ಊರಿನ ಚಿತ್ರ. ಹಿಂದೆ ರಬ್ಬರ್ ಸ್ಟಾಂಪಿನಲ್ಲಿ, ಐ ಗಾಟ್ ಅಪ್ ಅಟ್, ಮುಂದೆ ಎದ್ದ ಸಮಯ, ನಿಮಿಷದ ಸಮೇತ. ಜೊತೆಗೆ ತಮ್ಮ ಹೆಸರು, ಆ ದಿನ ಉಳಿದುಕೊಂಡಿದ್ದ ಜಾಗದ ವಿಳಾಸ. ಯೋಚನೆ ಮಾಡಿ, ಯಾರಿಗೂ ಸಿಗದ ಮನುಷ್ಯ ತಾನು ಎಲ್ಲಿದ್ದೇನೆ, ಎಷ್ಟು ಹೊತ್ತಿಗೆ ಎದ್ದೆ ಅಂತ ಹನ್ನೊಂದು ವರ್ಷ ತೆರೆದ ಕಾರ್ಡಿನಲ್ಲಿ ಬರೆದು ಕಳಿಸುತ್ತಾನಾ? ಪೋಸ್ಟ್‌ಮನ್ ಕೂಡ ಓದಬಹುದಿತ್ತು. ಅದೇ ವರ್ಷಗಳಲ್ಲಿ ದಿನಾ ಓಡಾಡಿದ ದಾರಿಯನ್ನು ಮ್ಯಾಪಿನ ಮೇಲೆ ಕೆಂಪು ಗೆರೆಯಲ್ಲಿ ಎಳೆದಿಟ್ಟರು, ಭೇಟಿಯಾದವರ ಹೆಸರೆಲ್ಲ ಟೈಪ್ ಮಾಡಿಟ್ಟರು. ಆ ಪಟ್ಟಿ ನೋಡಿದರೆ ಜನರ ಮಧ್ಯೆಯೇ ಇದ್ದ ಮನುಷ್ಯ ಅಂತ ಗೊತ್ತಾಗುತ್ತದೆ. ಕೊನೆಗೆ 1979ರಲ್ಲಿ ಸ್ಟಾಕ್‌ಹೋಮಿನಲ್ಲಿ ಆ ರಬ್ಬರ್ ಸ್ಟಾಂಪುಗಳಿದ್ದ ಬ್ರೀಫ್‌ಕೇಸ್ ಕಳುವಾಯಿತು, ಪೋಸ್ಟ್‌ಕಾರ್ಡ್ ಅಲ್ಲಿಗೆ ನಿಂತಿತು. ಹೊಸ ಸ್ಟಾಂಪ್ ಮಾಡಿಸಲು ಎಷ್ಟು ಹೊತ್ತು ಬೇಕು ಹೇಳಿ. ಮಾಡಿಸಲಿಲ್ಲ.

ಎಲ್ಲಿದ್ದರು, ಯಾವಾಗ ಎದ್ದರು, ಯಾರನ್ನು ನೋಡಿದರು, ಎಲ್ಲಾ ಹೇಳಿದ್ದಾರೆ. ಹೇಗನ್ನಿಸಿತು ಅನ್ನುವುದನ್ನು ಮಾತ್ರ ಹೇಳಲಿಲ್ಲ.

---

ಸುಮ್ನೆ_ಒಬ್ಬ

ಎಲ್ಲಾ ಸರಿ ಸರ್, ಆದರೆ ಇದನ್ನೇ ಹೆಸರಿಲ್ಲದ ಯಾರೋ ಒಬ್ಬ ಮಾಡಿದ್ದರೆ ಗ್ಯಾಲರಿಯವರು ಬಾಗಿಲೊಳಗೆ ಬಿಡುತ್ತಿದ್ದರಾ? ಡೇವಿಡ್ ಜ್ವಿರ್ನರ್ ತರಹದ ಗ್ಯಾಲರಿ ಬೆನ್ನಿಗಿದ್ದರೆ ತಾರೀಖು ಏನು, ತೊಳೆಯುವ ಬಟ್ಟೆ ಪಟ್ಟಿಯೂ ಕಲೆಯೇ. ಅಕ್ಷರ ಬರೆಯುವುದನ್ನು ಬೋರ್ಡ್ ಬರೆಯುವವರು ದಿನಾ ಮಾಡುತ್ತಾರೆ, ಅವರನ್ನು ಯಾವ ಮ್ಯೂಸಿಯಂ ಕರೆಯಿತು? ಮಾತಾಡದೇ ಇದ್ದರೆ ಆಳ ಇದೆ ಅಂತ ನಾವೇ ಅಂದುಕೊಳ್ಳುತ್ತೇವೆ. ತುಂಬಿದ ಕೊಡ ತುಳುಕುವುದಿಲ್ಲ ನಿಜ, ಆದರೆ ಪೂರ್ತಿ ಖಾಲಿ ಕೊಡವೂ ತುಳುಕುವುದಿಲ್ಲ ಕಣ್ರೀ.

---

ಕೈಬರಹ_ಬೋರ್ಡು

ಬೋರ್ಡ್ ಬರೆಯುವವರು ಅಂದಿರಲ್ಲ, ನಾನು ಅದೇ ಕೆಲಸ ಮಾಡುತ್ತಿದ್ದವನು. ಇಪ್ಪತ್ತೆರಡು ವರ್ಷ. ಈಗ ಎಲ್ಲಾ ಫ್ಲೆಕ್ಸ್, ಅದು ಬೇರೆ ಕಥೆ. ಅದಕ್ಕೇ ಬರೆಯುತ್ತಿದ್ದೇನೆ.

ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಇವರ ದೊಡ್ಡ ಚಿತ್ರ ಒಂದಿದೆ, 1978ರ ಅಕ್ಟೋಬರ್ 31ರದ್ದು. ಮಗನ ಮನೆಗೆ ಹೋಗಿದ್ದಾಗ ನೋಡಿದೆ. ಐದು ಅಡಿ ಎತ್ತರ, ಏಳೂವರೆ ಅಡಿ ಅಗಲ ಹತ್ತಿರ ಹತ್ತಿರ. ಅವರು ಬಳಸುತ್ತಿದ್ದದ್ದು ಎಂಟು ಅಳತೆ, ಎಂಟು ಹತ್ತು ಇಂಚಿನ ಪುಟಾಣಿಯಿಂದ ಹಿಡಿದು ಇದರವರೆಗೆ. ಇದು ಎಲ್ಲಕ್ಕಿಂತ ದೊಡ್ಡದು.

ನಾನು ಅಲ್ಲಿ ನಿಂತು ಮೊದಲು ನೋಡಿದ್ದು ಅಂಚು. ನಮ್ಮ ಕಸುಬಿನವರು ಮೊದಲು ಅಂಚೇ ನೋಡುತ್ತಾರೆ. ಸ್ಟೆನ್ಸಿಲ್ ಇಟ್ಟು ಬಳಿದರೆ ಅಂಚಿನಲ್ಲಿ ಬಣ್ಣ ಸಣ್ಣಗೆ ಉಬ್ಬುತ್ತದೆ, ಎಲ್ಲೋ ಒಂದು ಕಡೆ ಒಳಗೆ ಹರಿದಿರುತ್ತದೆ. ಇಲ್ಲಿ ಅದು ಇಲ್ಲ. ಅಳತೆ ಹಾಕಿ ಗೆರೆ ಎಳೆದು, ಸಣ್ಣ ಬ್ರಷ್ಷಿನಲ್ಲಿ ಪದರ ಪದರವಾಗಿ ಬಿಳಿ ಕೂರಿಸಿದ್ದಾರೆ. ಗಾಢ ಬಣ್ಣದ ಮೇಲೆ ಬಿಳಿ ಬಳಿದವರಿಗೇ ಗೊತ್ತು ಅದರ ಕಷ್ಟ. ಮೊದಲ ಕೋಟಿನಲ್ಲಿ ಕೆಳಗಿನ ಬಣ್ಣ ಇಣುಕುತ್ತದೆ. ಎರಡನೆಯದರಲ್ಲಿ ಬ್ರಷ್ಷಿನ ಗೀರು ಕಾಣುತ್ತದೆ. ಅಪಾರದರ್ಶಕವಾಗಿ ಕೂರಬೇಕಾದರೆ ಒಣಗಲು ಬಿಟ್ಟು ಬಿಟ್ಟು ಬಳಿಯಬೇಕು, ಮತ್ತೆ ಅಂಚು ತಿದ್ದಬೇಕು. ಬೇಗ ಒಣಗುವ ಅಕ್ರಿಲಿಕ್ ಬಣ್ಣ ಆದ್ದರಿಂದ ಒಂದೇ ದಿನದಲ್ಲಿ ಆಗುತ್ತದೆ, ಎಣ್ಣೆ ಬಣ್ಣದಲ್ಲಿ ಸಾಧ್ಯವೇ ಇಲ್ಲ. ಕ್ಯಾನ್ವಾಸಿನ ಪಕ್ಕಗಳಿಗೂ ಅದೇ ಬಣ್ಣ. ಪಕ್ಕ ಯಾರು ನೋಡುತ್ತಾರೆ? ಬಳಿದಿದ್ದಾರೆ.

ಇನ್ನೊಂದು ವಿಷಯ. ಅಕ್ಷರದ ರೂಪ ಎಲ್ಲಾ ಕಾಲದಲ್ಲೂ ಒಂದೇ ಅಲ್ಲ. ಶುರುವಿನಲ್ಲಿ ಗಿಲ್ ಸ್ಯಾನ್ಸ್ ಅನ್ನುವ ಇಂಗ್ಲಿಷ್ ಫಾಂಟಿನ ತರಹದ್ದು, ಸ್ವಲ್ಪ ಎಳೆದಂತೆ ಉದ್ದುದ್ದ. ಆಮೇಲೆ ಫ್ಯೂಚುರಾ ಅನ್ನುವ ಇನ್ನೊಂದು ಫಾಂಟಿನ ಕಡೆ ತಿರುಗಿದರು. ಹಿನ್ನೆಲೆಯೂ ಅಷ್ಟೇ, ಕೆಂಪು, ನೀಲಿ, ಕಡು ಬೂದು ಅಂತ ಹೇಳುತ್ತೇವೆ, ಆದರೆ ಪ್ರತಿ ಸಲ ಹೊಸದಾಗಿ ಕಲಸುತ್ತಿದ್ದರು, ಎರಡು ಬೂದು ಪಕ್ಕಪಕ್ಕ ಇಟ್ಟರೆ ಒಂದು ಕಂದಿಗೆ ತಿರುಗುತ್ತದೆ, ಇನ್ನೊಂದು ನೀಲಿಗೆ. ಬಿಳಿಗೋಡೆಯವರೇ, ಮೂವತ್ತು ಯಾಕೆ ಬೇಕು ಅಂದಿರಲ್ಲ, ನನ್ನ ಉತ್ತರ ಇದು. ಒಂದೇ ಇದ್ದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಸುಮ್ನೆ ಒಬ್ಬ ಅವರೇ, ನಮ್ಮನ್ನು ಯಾವ ಮ್ಯೂಸಿಯಮ್ಮೂ ಕರೆಯಲಿಲ್ಲ, ಒಪ್ಪಿದೆ. ನಾವು ಅಂಗಡಿಯವರು ಹೇಳಿದ್ದನ್ನು ಬರೆದೆವು, ದುಡ್ಡು ತಗೊಂಡೆವು. ಇವರು ಯಾರೂ ಹೇಳದಿದ್ದರೂ ಬರೆದರು. ಕೈ ಮಾತ್ರ ನಮ್ಮ ಕಸುಬಿನದ್ದೇ, ಅದಕ್ಕೆ ನಾನು ಸಾಕ್ಷಿ.

---

ಬಿಳಿಗೋಡೆ

ಅಂಚು ನೋಡಲೇ ಇಲ್ಲ ನಾನು. ದೂರದಿಂದ ಓದಿಕೊಂಡು ಮುಂದೆ ಹೋದೆ. ತಾರೀಖು ಅಂದರೆ ಓದುವುದು ಅಂತ ತಲೆಗೆ ಬಂದುಬಿಟ್ಟಿತ್ತು.

---

ಆರಂಕಿ

ನನ್ನದೊಂದು ಅನುಭವ. ಇವರದ್ದೇ ಇನ್ನೊಂದು ಕೆಲಸ ಇದೆ, ಒನ್ ಮಿಲಿಯನ್ ಇಯರ್ಸ್. ಬರೀ ವರ್ಷಗಳ ಟೈಪ್ ಮಾಡಿದ ಪಟ್ಟಿ, ದಪ್ಪ ದಪ್ಪ ಸಂಪುಟಗಳಲ್ಲಿ. ಹಿಂದಿನ ಭಾಗ ಕ್ರಿಸ್ತಪೂರ್ವ 998031ರಿಂದ ಕ್ರಿ.ಶ. 1969ರವರೆಗೆ, ಬದುಕಿ ಸತ್ತವರೆಲ್ಲರಿಗೂ ಅರ್ಪಣೆ. ಮುಂದಿನ ಭಾಗ 1993ರಿಂದ 1001992ರವರೆಗೆ, ಅದರ ಅರ್ಪಣೆ ಕೊನೆಯ ಒಬ್ಬರಿಗೆ. ಪ್ರದರ್ಶನಗಳಲ್ಲಿ ಒಬ್ಬ ಗಂಡಸು ಒಬ್ಬ ಹೆಂಗಸು ಕೂತು ಸರದಿಯಂತೆ ಒಂದೊಂದು ವರ್ಷ ಗಟ್ಟಿಯಾಗಿ ಓದುತ್ತಾರೆ. 2004ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಏಳು ದಿನ ಏಳು ರಾತ್ರಿ ಬಿಡದೆ ಓದಿದ್ದರು.

ಒಂದು ಮ್ಯೂಸಿಯಂನಲ್ಲಿ ಓದುವವರು ಬೇಕು ಅಂತ ಕರೆದಿದ್ದರು, ಹೆಸರು ಕೊಟ್ಟೆ. ಏನು ಮಹಾ, ಅಂಕಿ ಓದುವುದು ತಾನೆ ಅಂದುಕೊಂಡು ಹೋದೆ. ಹತ್ತು ನಿಮಿಷ ಚೆನ್ನಾಗೇ ಹೋಯಿತು. ಆಮೇಲೆ ನಾಲಿಗೆ ತೊಡರಲು ಶುರು. ಆರಂಕಿಯ ಸಂಖ್ಯೆ, ಇಂಗ್ಲಿಷಿನಲ್ಲಿ ಓದಬೇಕು, ನನ್ನ ತಲೆ ಒಳಗೊಳಗೇ ಲಕ್ಷದಲ್ಲಿ ಎಣಿಸುತ್ತಿದೆ! ಕಣ್ಣಿಗೆ ಬಿದ್ದ ತಕ್ಷಣ ಒಂಬತ್ತು ಲಕ್ಷದ ಅಂತ ಹೊರಡುತ್ತದೆ, ಅದನ್ನು ತಡೆದು ನೈನ್ ಹಂಡ್ರೆಡ್ ಅಂತ ಶುರು ಮಾಡುವಷ್ಟರಲ್ಲಿ ಎದುರಿಗಿದ್ದವರು ನನ್ನ ಮುಖ ನೋಡುತ್ತಿದ್ದರು. ಒಂದು ಸಲ ಅವರ ವರ್ಷವನ್ನೇ ನಾನೂ ಓದಿಬಿಟ್ಟೆ. ಅವರು ನಗಲೂ ಇಲ್ಲ, ನಿಧಾನವಾಗಿ ಮುಂದಿನದು ಓದಿದರು. ಬಾಯಿ ಒಣಗಿತು. ಮುಂದೆ ಕೂತಿದ್ದ ಒಂದು ಮಗು ನಿದ್ದೆ ಹೋಯಿತು.

ಒಂದು ವರ್ಷ ಓದಲು ಐದು ಸೆಕೆಂಡ್ ಅಂತ ಇಟ್ಟುಕೊಳ್ಳಿ. ಹತ್ತು ಲಕ್ಷ ವರ್ಷಕ್ಕೆ ಊಟ ನಿದ್ದೆ ಬಿಟ್ಟು ಓದಿದರೂ 58 ದಿನ, ಅದೂ ಒಂದು ಭಾಗಕ್ಕೆ ಮಾತ್ರ. ನಮ್ಮ ಸರದಿ ಮುಗಿದಾಗ ಪುಟದ ಕಾಲು ಭಾಗವೂ ಖಾಲಿಯಾಗಿಲ್ಲವೇನೋ ಅನ್ನಿಸಿತ್ತು. ನನ್ನ ಅಜ್ಜ, ಅವರ ಅಜ್ಜ, ಎಲ್ಲಾ ಸೇರಿದರೂ ಆ ಪಟ್ಟಿಯಲ್ಲಿ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತಾರೆ. ಖಾಲಿ ಕೊಡ ಅಂದವರು ಒಂದು ಸಲ ಕೂತು ಓದಿ ನೋಡಿ, ನನ್ನ ಮಾತು ನಂಬಬೇಡಿ.

---

ಸುಮ್ನೆ_ಒಬ್ಬ

ಕೂತು ಓದಲು ನನಗೆ ಪುರುಸೊತ್ತಿಲ್ಲ ಸ್ವಾಮಿ. ಆದರೆ ಬೋರ್ಡ್ ಬರೆಯುವ ಅಣ್ಣ ಹೇಳಿದ್ದು ಒಪ್ಪಿದೆ, ಕೆಲಸ ಶುದ್ಧವಾಗಿದೆ. ಬೆಲೆ ಬಗ್ಗೆ ನನ್ನ ತಕರಾರು ಹಾಗೇ ಇದೆ.

---

ತೆರೆಮರೆ

ಸಿಗದ ಕಲಾವಿದರಿಂದ ಗ್ಯಾಲರಿಗಳಿಗೆ ಲಾಭ ಅಂತ ಎಲ್ಲರೂ ಸಲೀಸಾಗಿ ಹೇಳುತ್ತೀರಿ. ಕೇಡಿ ನೋಲಂಡ್ ಕಥೆ ಕೇಳಿ. ಅಮೆರಿಕದವರು, ಬದುಕಿದ್ದಾರೆ, ಅವರೂ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇದ್ದವರು. 1990ರಲ್ಲಿ ಮರದ ದಿಮ್ಮಿಗಳಿಂದ ಮಾಡಿದ ಗುಡಿಸಲಿನ ಮುಂಭಾಗದಂಥ ದೊಡ್ಡ ಶಿಲ್ಪ ಒಂದನ್ನು ಮಾಡಿದರು. ಹೊರಗಡೆ ಇಟ್ಟಿದ್ದರಿಂದ ಮರ ಕೊಳೆಯಿತು, ಯಾರೋ ದಿಮ್ಮಿ ಬದಲಾಯಿಸಿದರು, ಅವರನ್ನು ಕೇಳಲಿಲ್ಲ. 2014ರಲ್ಲಿ ಒಬ್ಬ ಸಂಗ್ರಾಹಕರು ಅದನ್ನು 14 ಲಕ್ಷ ಡಾಲರಿಗೆ ಕೊಂಡರು. ವಿಷಯ ಗೊತ್ತಾದ ಮೇಲೆ ನೋಲಂಡ್, ಇದು ನನ್ನ ಕಲಾಕೃತಿ ಅಲ್ಲ ಅಂದುಬಿಟ್ಟರು. ಆಮೇಲೆ ವರ್ಷಗಟ್ಟಲೆ ಕೋರ್ಟು. ಆ ಮಾರಾಟಕ್ಕಿಂತ ಮೂರು ವರ್ಷ ಮುಂಚೆ, 2011ರಲ್ಲಿ, ಅವರ ಇನ್ನೊಂದು ಕೃತಿ ಹರಾಜಿನಲ್ಲಿ 66 ಲಕ್ಷ ಡಾಲರಿಗೆ ಹೋಗಿ ದಾಖಲೆ ಮಾಡಿತ್ತು. ಅಂಥವರು ಕೈ ಕೊಡವಿಕೊಂಡರೆ ಕೊಂಡವರ ಗತಿ ಏನು? ಮೌನ ಯಾವಾಗಲೂ ಅಂಗಡಿಯವರ ಪರ ಇರುವುದಿಲ್ಲ.

ಕವಾರಾ ಅಷ್ಟು ತಲೆನೋವು ಕೊಡಲಿಲ್ಲ. ಆದರೆ ಬರೀ ಮ್ಯೂಸಿಯಂಗಳಿಗೇ ಅಂಟಿಕೊಳ್ಳಲಿಲ್ಲ ಅನ್ನುವುದಕ್ಕೆ ಒಂದು ಉದಾಹರಣೆ: 1997ರ ಜನವರಿ 1ರಿಂದ 7ರವರೆಗಿನ ಏಳು ಚಿತ್ರಗಳನ್ನು ಬೇರೆ ಬೇರೆ ದೇಶದ ಶಿಶುವಿಹಾರಗಳಿಗೆ ಕಳಿಸಿದರು. 1998ರಲ್ಲಿ ಸಿಡ್ನಿಯಿಂದ ಶುರು. ತರಗತಿಯ ಗೋಡೆ ಮೇಲೆ, ಮಕ್ಕಳ ಚಿತ್ರ, ಅಕ್ಷರಮಾಲೆ ಮಧ್ಯೆ ಅವೂ ತೂಗುತ್ತಿದ್ದವು. ಓದಲು ಬಾರದ ಮಕ್ಕಳು. ಅಲ್ಲಿ ಜ್ವಿರ್ನರ್ ಹೆಸರು ಯಾರಿಗೆ ಗೊತ್ತು?

ಇನ್ನೊಂದು, ಪ್ರದರ್ಶನದ ಪುಸ್ತಕಗಳಲ್ಲಿ ಇವರ ಪರಿಚಯ ಅಂದರೆ ಅಲ್ಲಿಯವರೆಗೆ ಬದುಕಿದ ದಿನಗಳ ಸಂಖ್ಯೆ ಮಾತ್ರ. ಹುಟ್ಟಿದ ಊರು, ಓದಿದ ಶಾಲೆ ಏನೂ ಇಲ್ಲ. 2014ರಲ್ಲಿ ತೀರಿಕೊಂಡರು, ಸಂಖ್ಯೆ 29,771ಕ್ಕೆ ನಿಂತಿತು. ಮುಂದಿನ ವರ್ಷ ನ್ಯೂಯಾರ್ಕಿನ ಗುಗನ್‌ಹೈಮ್ ಮ್ಯೂಸಿಯಂನಲ್ಲಿ ಸೈಲೆನ್ಸ್ ಅನ್ನುವ ಹೆಸರಿನ ದೊಡ್ಡ ಪ್ರದರ್ಶನ ಆಯಿತು, ತಯಾರಿಯಲ್ಲಿ ಅವರೂ ಇದ್ದರು. ಇವರೇ ಹಿಂದೆ ಪರಿಚಯದವರಿಗೆ ನೂರಾರು ಟೆಲಿಗ್ರಾಂ ಕಳಿಸಿದ್ದರು, ನಾನಿನ್ನೂ ಬದುಕಿದ್ದೇನೆ ಅಂತ. ಯಾರೋ ಆ ಸಾಲನ್ನು ದಿನಾ ತಾನಾಗೇ ಹಾಕುವ ಟ್ವಿಟರ್ ಖಾತೆ ಮಾಡಿದ್ದರು. ಅವರು ಹೋದ ಮೇಲೂ ಅದು ಹಾಕುತ್ತಲೇ ಇತ್ತು.

---

ಕೈಬರಹ_ಬೋರ್ಡು

ಒಂದು ತಪ್ಪೊಪ್ಪಿಗೆ. ಇಷ್ಟೆಲ್ಲಾ ಮಾತಾಡಿದ ಮೇಲೆ ಕೈ ಸುಮ್ಮನಿರಲಿಲ್ಲ, ಮೊನ್ನೆ ನಾನೂ ಒಂದು ಮಾಡಲು ಕೂತೆ. ಎಂಟು ಹತ್ತು ಇಂಚಿನ ಕ್ಯಾನ್ವಾಸ್. ಮಧ್ಯಾಹ್ನ ಊಟ ಆದ ಮೇಲೆ ಶುರು ಮಾಡಿದ್ದೇ ತಪ್ಪು. ಬೂದು ನಾಲ್ಕು ಕೋಟು ಹೊಡೆಯುವಷ್ಟರಲ್ಲಿ ಕತ್ತಲಾಯಿತು. ರಾತ್ರಿ ಹನ್ನೊಂದು ಮುಕ್ಕಾಲಿಗೆ ಇನ್ನೂ ಒಂದು ಸೊನ್ನೆಯ ಒಳಗಿನ ಅಂಚು ಬಾಕಿ. ಅವಸರದಲ್ಲಿ ಬ್ರಷ್ ಜಾರಿತು. ತಿದ್ದಿ ಮುಗಿಸಿದಾಗ ಹನ್ನೆರಡು ಹತ್ತು. ಮನೆಯವಳು, ಚೆನ್ನಾಗೇ ಇದೆಯಲ್ಲಾ, ಗೋಡೆಗೆ ಹಾಕಿ ಅಂದಳು. ಹಾಕಲಿಲ್ಲ, ಮೇಲೆ ಬೂದು ಬಳಿದುಬಿಟ್ಟೆ. ಭಾನುವಾರ ಮತ್ತೆ ನೋಡುತ್ತೇನೆ. ಈ ಸಲ ಶನಿವಾರ ರಾತ್ರಿಯೇ ಹಿನ್ನೆಲೆ ಬಳಿದು ಒಣಗಿಸಿ ಇಟ್ಟರೆ ಬೆಳಿಗ್ಗೆ ನೇರ ಅಕ್ಷರಕ್ಕೆ ಇಳಿಯಬಹುದು.

---

ಹಳೇಪೋಸ್ಟ್‌ಕಾರ್ಡ್

ಅಯ್ಯೋ ಸರ್, ಶನಿವಾರ ಬಳಿದರೆ ಆಟಕ್ಕುಂಟು ಲೆಕ್ಕಕ್ಕಿಲ್ಲ! ಹಿನ್ನೆಲೆಯೂ ಅದೇ ದಿನ. ಕ್ಯಾನ್ವಾಸ್ ಬಿಗಿದು ಇಟ್ಟುಕೊಳ್ಳಿ ಬೇಕಾದರೆ.

---

ಕೈಬರಹ_ಬೋರ್ಡು

ಹಾಗಾದರೆ ಬೆಳಿಗ್ಗೆ ಐದಕ್ಕೆ ಅಲಾರಾಂ ಇಡುತ್ತೇನೆ. ಎದ್ದ ಸಮಯ ನಿಮಗೆ ತಿಳಿಸಲಾ?